ಉಭಯಕುಶಲೋಪರಿ: ಹವ್ಯಾಸದ ಗುಂಪುಗಳಲ್ಲಿ ವಿಷಯಾಂತರದ ಸ್ಥಾನ



ದತ್ತಿ ಉಪನ್ಯಾಸಕ್ಕೆ ಘನವಾದ ವಿಷಯವನ್ನು ಆರಿಸಿಕೊಳ್ಳುವುದು ರೂಢಿ. ನಾನು ಇಂದು ಆರಿಸಿಕೊಂಡಿರುವುದು ಹರಟೆಯನ್ನು. ಅದರಲ್ಲೂ ಹರಟೆಗೆಂದು ಸೇರದ ಜನ ಆಡುವ ಹರಟೆಯನ್ನು. ಕೈತೋಟ ಮಾಡುವವರು, ಹಕ್ಕಿ ನೋಡುವವರು, ಅಂಚೆಚೀಟಿ ಕೂಡಿಸುವವರು, ಕರ್ನಾಟಕ ಸಂಗೀತ ಕೇಳುವವರು, ಹಳೆಯ ರೇಡಿಯೊ ರಿಪೇರಿ ಮಾಡುವವರು ಇಂದು ಅಂತರಜಾಲದಲ್ಲಿ, ಕೈಯಲ್ಲಿರುವ ಫೋನಿನಲ್ಲಿ ಗುಂಪು ಕಟ್ಟಿಕೊಂಡಿದ್ದಾರೆ. ಗುಂಪಿಗೊಂದು ವಿಷಯ, ಗುಂಪಿಗೊಬ್ಬ ಅಡ್ಮಿನ್ನು. ಬಹುಪಾಲು ಗುಂಪುಗಳ ಬಾಗಿಲಲ್ಲೇ ಒಂದು ನಿಯಮ ತೂಗಾಡುತ್ತಿರುತ್ತದೆ: ವಿಷಯ ಬಿಟ್ಟು ಮಾತಾಡಬಾರದು. ದಾಸವಾಳಕ್ಕೆ ಹತ್ತಿದ ಹಿಟ್ಟು ತಿಗಣೆಗೆ ಬೇವಿನ ಎಣ್ಣೆ ಎಷ್ಟು ಹೊಡೆಯಬೇಕೆಂದು ಕೇಳಬಹುದು. ಮಗಳ ಪರೀಕ್ಷೆ ಮುಗಿಯಿತೆಂದು, ಮೊಣಕಾಲು ನೋವು ಇಳಿಯಿತೆಂದು ಹೇಳಬಾರದು. ನಿಯಮ ಎಷ್ಟು ಸಾರ್ವತ್ರಿಕವೋ ಅದರ ಉಲ್ಲಂಘನೆಯೂ ಅಷ್ಟೇ ಸಾರ್ವತ್ರಿಕ. ಜನ ಮತ್ತೆ ಮತ್ತೆ ಮುರಿಯುವ ನಿಯಮವೊಂದು ಎಲ್ಲ ಕಡೆ ಮತ್ತೆ ಮತ್ತೆ ಹುಟ್ಟುತ್ತಿದೆ ಎಂದಾದರೆ ಅದರ ಹಿಂದೆ ಯೋಚಿಸಬೇಕಾದ ಸಂಗತಿ ಏನೋ ಇದೆ ಎಂದು ನಾನು ತಿಳಿದಿದ್ದೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹವ್ಯಾಸದ ಗುಂಪಿನಲ್ಲಿ ವಿಷಯಾಂತರವೆಂದು ನಾವು ಬದಿಗೆ ಸರಿಸುವ ಮಾತಿನ ದೊಡ್ಡ ಪಾಲು ಆ ಗುಂಪಿನ ಬೇರಿಗೆ ಹೋಗುವ ನೀರು. ಅದನ್ನು ಪೂರ್ತಿ ನಿಲ್ಲಿಸಿದರೆ ಕೆಲವು ಕಾಲ ಏನೂ ಆಗದು. ಆಮೇಲೆ ವಿಷಯವೇ ಸೊರಗಲು ತೊಡಗುತ್ತದೆ. ಹಾಗೆಂದು ನೀರನ್ನು ಲಂಗುಲಗಾಮಿಲ್ಲದೆ ಹರಿಯಬಿಟ್ಟರೆ ಬೇರು ಕೊಳೆಯುತ್ತದೆ ಎಂಬುದೂ ನಿಜ. ಆದ್ದರಿಂದ ವಿಷಯಾಂತರ ಬೇಕೋ ಬೇಡವೋ ಎಂದು ಜಗಳವಾಡುವುದಕ್ಕಿಂತ, ಅದಕ್ಕೆ ಎಲ್ಲಿ ಜಾಗ, ಯಾವ ಹೊತ್ತು, ಯಾರ ಹೊಣೆ ಎಂದು ವಿಚಾರಿಸುವುದು ಮೇಲು. ಈ ವಾದಕ್ಕೆ ಆಧಾರವನ್ನು ನಾನು ಮುಖ್ಯವಾಗಿ ಎರಡು ಕಡೆಯಿಂದ ತರುತ್ತೇನೆ. ಒಂದು, ಅಂತರಜಾಲಕ್ಕಿಂತ ಅರ್ಧ ಶತಮಾನ ಮೊದಲೇ ದೂರದೂರದ ಅಪರಿಚಿತರನ್ನು ಒಂದು ಹವ್ಯಾಸದ ಸುತ್ತ ಕೂಡಿಸಿದ ಹ್ಯಾಮ್ ರೇಡಿಯೊ. ಇನ್ನೊಂದು, ಕಂಪ್ಯೂಟರ್ ಜಾಲಗಳ ಮೊದಲ ದಶಕಗಳ ಅನುಭವ.

ಅದಕ್ಕೆ ಮುನ್ನ ನಮ್ಮ ಭಾಷೆಯ ಸಾಕ್ಷ್ಯವನ್ನು ಕೇಳೋಣ. ಹಳೆಯ ಕನ್ನಡ ಪತ್ರಗಳಲ್ಲಿ ಒಂದು ಸಿದ್ಧ ಒಕ್ಕಣೆ ಇತ್ತು: ‘ಉಭಯಕುಶಲೋಪರಿ ಸಾಂಪ್ರತ’. ಇಬ್ಬರ ಕುಶಲವೂ ಆದ ಮೇಲೆ, ಈಗಿನ ಸಮಾಚಾರ ಎಂದು ಅದರ ಅರ್ಥ. ಜಮೀನಿನ ವ್ಯಾಜ್ಯವಿರಲಿ, ಸಾಲದ ಬಾಬ್ತಿರಲಿ, ಹೆಣ್ಣು ಕೇಳುವ ಮಾತಿರಲಿ, ಪತ್ರದ ವಿಷಯ ಕುಶಲದ ನಂತರವೇ ಬರುತ್ತಿತ್ತು. ‘ಉಪರಿ’ ಎಂಬ ಪುಟ್ಟ ಪದದಲ್ಲಿ ಒಂದು ಕ್ರಮ ಅಡಗಿದೆ. ಕುಶಲ ಕೇಳುವುದು ವಿಷಯಕ್ಕೆ ಅಂಟಿಸಿದ ಅಲಂಕಾರವಾಗಿರಲಿಲ್ಲ. ವಿಷಯವನ್ನು ಹೊರಲು ಬೇಕಾದ ಅಡಿಗಟ್ಟು ಆಗಿತ್ತು. ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಇದನ್ನೇ ಶಾಸ್ತ್ರದ ಮಾತಿನಲ್ಲಿ ಹೇಳಿದ. ಟ್ರೋಬ್ರಿಯಾಂಡ್ ದ್ವೀಪಗಳ ಜನರ ನಡುವೆ ಇದ್ದು ಬಂದ ಆತ, ಸುದ್ದಿ ತಿಳಿಸುವ ಉದ್ದೇಶವಿಲ್ಲದೆ ಸಂಬಂಧವನ್ನು ಕಟ್ಟುವುದಕ್ಕೆಂದೇ ಆಡುವ ಮಾತಿನ ವರ್ಗವೊಂದಿದೆ ಎಂದು ಗುರುತಿಸಿ ಅದಕ್ಕೊಂದು ಹೆಸರಿಟ್ಟ. ನಮ್ಮಲ್ಲಿ ‘ಊಟ ಆಯ್ತಾ?’ ಎಂದು ಕೇಳುವವರು ಎದುರಿನವರ ಹೊಟ್ಟೆಯ ಲೆಕ್ಕ ತೆಗೆದುಕೊಳ್ಳುತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕನ್ನಡ ಇಂಥ ಮಾತನ್ನು ಒಂದೇ ಬುಟ್ಟಿಗೆ ಹಾಕಿಲ್ಲ ಎಂಬುದನ್ನೂ ಗಮನಿಸಬೇಕು. ಕಷ್ಟಸುಖ, ಲೋಕಾಭಿರಾಮ, ಪಟ್ಟಾಂಗ, ಹರಟೆ, ಕಾಡುಹರಟೆ, ಗಾಳಿಮಾತು, ಚಾಡಿ ಎಂದು ಬೇರೆ ಬೇರೆ ಹೆಸರಿಟ್ಟು, ಕೆಲವನ್ನು ಮೆಚ್ಚಿ, ಕೆಲವನ್ನು ಸಹಿಸಿ, ಕೆಲವನ್ನು ದೂರವಿಟ್ಟಿದೆ. ಹರಟೆಯನ್ನು ಸಾಹಿತ್ಯದ ಒಂದು ಪ್ರಕಾರವಾಗಿಯೂ ನಾವು ಬೆಳೆಸಿದ್ದೇವೆ. ಈ ವಿವೇಕ ‘ವಿಷಯಾಂತರ ನಿಷೇಧಿಸಿದೆ’ ಎಂಬ ಒಂದು ಸಾಲಿನ ಫಲಕದಲ್ಲಿ ಕಳೆದುಹೋಗುತ್ತದೆ.

ಈಗ ಹ್ಯಾಮ್ ರೇಡಿಯೊಗೆ ಬರೋಣ. ಸರ್ಕಾರದ ಪರೀಕ್ಷೆ ಪಾಸಾಗಿ, ಪರವಾನಗಿ ಪಡೆದು, ಮನೆಯಲ್ಲೇ ಪ್ರೇಷಕ ಇಟ್ಟುಕೊಂಡು ಗೊತ್ತುಮಾಡಿದ ತರಂಗಗಳಲ್ಲಿ ಪರಸ್ಪರ ಮಾತಾಡುವ ಹವ್ಯಾಸಿಗಳ ಲೋಕ ಅದು. ಅಮೆರಿಕದಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ 1914ರಲ್ಲೇ ಹವ್ಯಾಸಿಗಳ ರಾಷ್ಟ್ರೀಯ ಸಂಘವನ್ನು ಕಟ್ಟಿದ. ಈ ಲೋಕವನ್ನು ಆಳುವ ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿಯಲ್ಲಿ ದಶಕಗಳ ಕಾಲ ಒಂದು ವಿಚಿತ್ರ ಕಲಮು ಇತ್ತು. ಬೇರೆ ಬೇರೆ ದೇಶಗಳ ಹವ್ಯಾಸಿಗಳು ಆಡಬಹುದಾದ ಮಾತು ಎರಡು ಬಗೆಯದು ಎಂದು ಅದು ಹೇಳುತ್ತಿತ್ತು. ಒಂದು, ಪ್ರಯೋಗಗಳಿಗೆ ಸಂಬಂಧಿಸಿದ ತಾಂತ್ರಿಕ ಮಾತು. ಇನ್ನೊಂದು, ಸಾರ್ವಜನಿಕ ತಂತಿ ಅಥವಾ ದೂರವಾಣಿ ಸೇವೆಯನ್ನು ಬಳಸುವಷ್ಟು ಮಹತ್ವವಿಲ್ಲದ ವೈಯಕ್ತಿಕ ಮಾತು. ಭಾರತದ 1978ರ ಹವ್ಯಾಸಿ ರೇಡಿಯೊ ನಿಯಮಗಳೂ ಇದೇ ಧಾಟಿಯಲ್ಲಿದ್ದವು. ಇದರ ಕಾರಣ ಸರಳ: ತಂತಿ ಮತ್ತು ದೂರವಾಣಿ ಇಲಾಖೆಗಳ ಆದಾಯಕ್ಕೆ ಹವ್ಯಾಸಿಗಳು ಕೈಹಾಕಬಾರದು. ಹಣ ಕೊಟ್ಟು ಕಳಿಸಬೇಕಾದ ಸಂದೇಶವನ್ನು ಪುಕ್ಕಟೆ ಸಾಗಿಸಬಾರದು. ಆ ಕಾಳಜಿಯಿಂದ ಹುಟ್ಟಿದ ಕಲಮು ತನಗರಿಯದಂತೆ ದೊಡ್ಡದೊಂದು ಕೆಲಸ ಮಾಡಿತು. ಜಗತ್ತಿನ ರಾಷ್ಟ್ರಗಳೆಲ್ಲ ಸಹಿ ಹಾಕಿದ ಒಪ್ಪಂದದಲ್ಲಿ, ಮಹತ್ವವಿಲ್ಲ ಎಂಬ ಕಾರಣಕ್ಕೇ ಒಂದು ಬಗೆಯ ಮಾತಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಜಿನೀವಾದಲ್ಲಿ 2003ರಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನ ಈ ಕಲಮನ್ನು ತಿದ್ದಿತು. ಮಹತ್ವವಿಲ್ಲದ್ದು ಎಂಬ ವಿಶೇಷಣ ಹೋಯಿತು. ವೈಯಕ್ತಿಕ ಮಾತಿಗೆ ಇದ್ದ ಅನುಮತಿ ಉಳಿಯಿತು.

ಆ ಅನುಮತಿಯಡಿ ಹವ್ಯಾಸಿಗಳು ಏನು ಮಾಡಿದರು ಎಂಬುದನ್ನು ಹತ್ತಿರದಿಂದ ನೋಡಬೇಕು. ಒಬ್ಬರು ತಮ್ಮ ಕರೆಸಂಕೇತ ಹೇಳಿ ಯಾರಾದರೂ ಇದ್ದೀರಾ ಎಂದು ಕರೆಯುತ್ತಾರೆ. ಇನ್ನೆಲ್ಲಿಂದಲೋ ಒಂದು ದನಿ ತನ್ನ ಸಂಕೇತ ಹೇಳಿ ಓಗೊಡುತ್ತದೆ. ಮೊದಲು, ನಿಮ್ಮ ಸಂಕೇತ ನಮಗೆ ಎಷ್ಟು ಸ್ಪಷ್ಟವಾಗಿ, ಎಷ್ಟು ಬಲವಾಗಿ ಕೇಳುತ್ತಿದೆ ಎಂಬ ವರದಿ ಅಂಕಿಗಳಲ್ಲಿ ಹೋಗುತ್ತದೆ. ಬಳಿಕ ಹೆಸರು, ಊರು, ಬಳಸುತ್ತಿರುವ ಯಂತ್ರ, ಆಂಟೆನಾ ಎಷ್ಟು ಎತ್ತರದಲ್ಲಿದೆ ಎಂಬ ವಿವರ. ಕಟ್ಟುನಿಟ್ಟಾಗಿ ನೋಡಿದರೆ ಹವ್ಯಾಸದ ವಿಷಯ ಇಲ್ಲಿಗೆ ಮುಗಿಯಿತು. ಆದರೆ ಮಾತು ಮುಗಿಯುವುದಿಲ್ಲ. ಅಲ್ಲಿ ಹವಾಮಾನ ಹೇಗಿದೆ, ನಿವೃತ್ತಿಯಾಗಿ ಎಷ್ಟು ವರ್ಷವಾಯಿತು, ತೋಟದಲ್ಲಿ ಏನಿದೆ, ಮೊಮ್ಮಕ್ಕಳು ಎಷ್ಟು ಜನ ಎಂದು ಬೆಳೆಯುತ್ತದೆ. ಹ್ಯಾಮ್‌ಗಳು ಇದಕ್ಕೆ ‘ರ್‍ಯಾಗ್ ಚ್ಯೂ’ ಎನ್ನುತ್ತಾರೆ. ಅಮೆರಿಕದ ಸಂಘವಂತೂ ಅರ್ಧ ಗಂಟೆ ಬಿಡದೆ ಹೀಗೆ ಮಾತಾಡಿದವರಿಗೆ ಪ್ರಮಾಣಪತ್ರ ಕೊಡುವ ಒಂದು ಕ್ಲಬ್ಬನ್ನೇ ನಡೆಸಿತು. ತಾಂತ್ರಿಕ ಹವ್ಯಾಸವೊಂದು ಹರಟೆಯನ್ನು ಕೌಶಲವೆಂದು ಪರಿಗಣಿಸಿ ಪುರಸ್ಕರಿಸಿದ್ದು ಸಣ್ಣ ಸಂಗತಿಯಲ್ಲ. ಅರ್ಧ ಗಂಟೆ ಮಾತಾಡಬೇಕಾದರೆ ಅಲೆ ಏರಿಳಿಯುವಾಗ ಕಿವಿಗೊಟ್ಟು ಕೇಳಬೇಕು, ಗದ್ದಲದೊಳಗೆ ದನಿಯನ್ನು ಹೆಕ್ಕಬೇಕು, ಸರದಿ ಬಿಟ್ಟುಕೊಡಬೇಕು. ಹವ್ಯಾಸ ಬಯಸುವ ಕುಶಲತೆ ಹರಟೆಯ ಒಳಗೇ ಪಳಗುತ್ತಿತ್ತು.

ಇದು ನಿರುಪಯುಕ್ತ ಕಾಲಹರಣವೆಂದು ಕಂಡರೆ 2004ರ ಡಿಸೆಂಬರ್ 26ನ್ನು ನೆನೆಯಬೇಕು. ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೊದ ತಂಡ, ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ, ಆ ತಿಂಗಳು ಪೋರ್ಟ್ ಬ್ಲೇರ್‌ನಲ್ಲಿತ್ತು. ಅಂಡಮಾನಿನಿಂದ ಹವ್ಯಾಸಿ ಪ್ರಸಾರ ಬಹಳ ವರ್ಷಗಳಿಂದ ನಡೆದಿರಲಿಲ್ಲ. ಲೋಕದ ಹ್ಯಾಮ್‌ಗಳಿಗೆ ಆ ಅಪರೂಪದ ದ್ವೀಪವನ್ನು ಮಾತಾಡಿಸುವ ಅವಕಾಶ ಕೊಡುವುದೇ ತಂಡದ ಗುರಿ. ಅಂದರೆ ಅಪ್ಪಟ ಹವ್ಯಾಸ. ಆ ಬೆಳಿಗ್ಗೆ ಭೂಮಿ ನಡುಗಿ ಸುನಾಮಿ ಅಪ್ಪಳಿಸಿತು, ದೂರವಾಣಿ ಸಂಪರ್ಕ ಕಡಿದುಹೋಯಿತು. ತಂಡ ಹವ್ಯಾಸದ ಸಂಪರ್ಕಗಳನ್ನು ನಿಲ್ಲಿಸಿ ಅದೇ ಯಂತ್ರಗಳಿಂದ ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ದಾಟಿಸತೊಡಗಿತು. ಇಂಥ ಹೊತ್ತಿನಲ್ಲಿ ಹ್ಯಾಮ್‌ಗಳು ಸಾಗಿಸುವ ಸಂದೇಶಗಳ ದೊಡ್ಡ ಪಾಲು ಏನು? ಇಂಥವರು ಬದುಕಿದ್ದಾರೆ, ಕ್ಷೇಮವಾಗಿದ್ದಾರೆ, ಮನೆಯವರಿಗೆ ತಿಳಿಸಿ. ದಶಕಗಳ ಕಾಲ ಮಹತ್ವವಿಲ್ಲದ್ದೆಂದು ಕಾನೂನು ಕರೆದಿದ್ದ ಕುಶಲವಾರ್ತೆಯೇ ಅಂದು ಜಗತ್ತಿನ ಅತಿ ಮಹತ್ವದ ವಾರ್ತೆಯಾಯಿತು. ಸಂಕಟದ ಹೊತ್ತಿಗೆ ಕೆಲಸಕ್ಕೆ ಬರುವ ಜಾಲವನ್ನು ಸಂಕಟ ಬಂದ ದಿನ ಕಟ್ಟಲಾಗದು. ಭಾರತದ ಹ್ಯಾಮ್‌ಗಳಲ್ಲಿ ಹೈದರಾಬಾದಿನ ಚಾರ್ಮಿನಾರ್ ನೆಟ್‌ನಂಥ ಬೆಳಗಿನ ಕೂಟಗಳಿವೆ. ಹೇಳಿಕೊಳ್ಳುವ ಸುದ್ದಿಯಿಲ್ಲದ ದಿನವೂ ಅಲ್ಲಿ ಜನ ಸೇರಿ ಹಾಜರಿ ಹಾಕುತ್ತಾರೆ, ಕ್ಷೇಮ ಕೇಳುತ್ತಾರೆ. ಯಾರ ದನಿ ಹೇಗೆ, ಯಾರ ಯಂತ್ರ ಎಲ್ಲಿಯವರೆಗೆ ಮುಟ್ಟುತ್ತದೆ, ಯಾರು ನಂಬಿಗಸ್ತರು ಎಂಬ ಅರಿವು ಆ ಬರಿದಾದ ಬೆಳಗುಗಳಲ್ಲೇ ಸಂಗ್ರಹವಾಗುತ್ತದೆ.

ಹರಟೆಯನ್ನು ಪೂರ್ತಿ ತೆಗೆದುಹಾಕಿದರೆ ಹವ್ಯಾಸ ಹೇಗಿರುತ್ತದೆ ಎಂಬ ಪ್ರಯೋಗವೂ ಇದೇ ಲೋಕದಲ್ಲಿ ನಡೆದಿದೆ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋಸೆಫ್ ಟೇಲರ್ ಸ್ವತಃ ಹ್ಯಾಮ್. ಅವರು ಸ್ಟೀವ್ ಫ್ರಾಂಕೆ ಅವರೊಂದಿಗೆ 2017ರಲ್ಲಿ ‘ಎಫ್‌ಟಿ8’ ಎಂಬ ವಿಧಾನವನ್ನು ಹೊರತಂದರು. ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ ಕಂಪ್ಯೂಟರ್ ಗದ್ದಲದಿಂದ ಸೋಸಿ ತೆಗೆಯುತ್ತದೆ. ಹದಿನೈದು ಸೆಕೆಂಡಿಗೊಂದು ಸರದಿ. ಕರೆಸಂಕೇತ, ಸ್ಥಳದ ಸಂಕೇತ, ವರದಿ, ಅಷ್ಟೇ. ಸ್ವಂತ ಮಾತು ಬರೆಯಬೇಕೆಂದರೆ ಹೆಚ್ಚೆಂದರೆ 13 ಅಕ್ಷರ. ಇದು ಅದ್ಭುತ ಸಾಧನೆ. ಚಿಕ್ಕ ಆಂಟೆನಾ, ಕಡಿಮೆ ವಿದ್ಯುತ್ತು ಇರುವವರೂ ಖಂಡಾಂತರ ಸಂಪರ್ಕ ಪಡೆಯುವಂತಾಗಿ ಅದು ಲೋಕದಾದ್ಯಂತ ಹಬ್ಬಿತು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಅದು ಕೊಡುವುದೇನು, ಕೊಡದಿರುವುದೇನು ಎಂದು ಬಿಡಿಸಿ ನೋಡಬೇಕು. ಇಂದು ಅಲೆ ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ ಎಂಬ ಜ್ಞಾನವನ್ನು ಅದು ಕರಾರುವಾಕ್ಕಾಗಿ ಕೊಡುತ್ತದೆ. ಆಚೆ ಕಡೆ ಇದ್ದವರು ಯಾರು ಎಂಬುದನ್ನು ಕೊಡುವುದಿಲ್ಲ. ಸಾವಿರ ಸಂಪರ್ಕಗಳ ಪಟ್ಟಿ ಬೆಳೆಯುತ್ತದೆ. ಒಂದು ಪರಿಚಯ ಬೆಳೆಯುವುದಿಲ್ಲ. ವಿಷಯವನ್ನು ನೂರಕ್ಕೆ ನೂರು ಶುದ್ಧಗೊಳಿಸಿದಾಗ ಉಳಿಯುವುದು ಮಾಪನ ಮಾತ್ರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗಲಾರದು.

ಇನ್ನು ಕಂಪ್ಯೂಟರ್ ಜಾಲಗಳ ಕಥೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ಯೋಚಿಸಿ, 1980ರಲ್ಲಿ ನಡೆಗೆ ಬಂದ ಯೂಸ್‌ನೆಟ್ ಇಂದಿನ ಎಲ್ಲ ಗುಂಪುಗಳ ಹಿರಿಯಣ್ಣ. ಅದು ಬೆಳೆದು ಕೈಮೀರಿದಾಗ 1986 ಮತ್ತು 1987ರಲ್ಲಿ ಅದರ ಗುಂಪುಗಳನ್ನೆಲ್ಲ ಏಳು ವಿಭಾಗಗಳಾಗಿ ಮರುಹೆಸರಿಸಿದರು. ಕಂಪ್ಯೂಟರಿಗೊಂದು, ವಿಜ್ಞಾನಕ್ಕೊಂದು, ಸಮಾಜಕ್ಕೊಂದು, ‘ರೆಕ್’ ಎಂದು ಹವ್ಯಾಸ ಮನರಂಜನೆಗೊಂದು. ಅವುಗಳ ಜೊತೆಗೆ ‘ಟಾಕ್’ ಎಂಬ ಹೆಸರಿನದೇ ಒಂದು ವಿಭಾಗ, ಕೊನೆಮೊದಲಿಲ್ಲದ ವಾಗ್ವಾದಗಳಿಗೆಂದೇ ಮೀಸಲು. ಮಾತಿಗೆ ಜಾಗ ಕೊಡದೆ ವಿಷಯವನ್ನು ಕಾಪಾಡಲಾಗದು ಎಂಬುದನ್ನು ಆ ವಿಂಗಡಣೆ ಒಪ್ಪಿಕೊಂಡಿತ್ತು. ಅಂದಿನ ಒಂದು ಪುಟ್ಟ ಘಟನೆ ಎಲ್ಲರ ಕೈಯಲ್ಲೂ ಉಳಿದುಬಂದಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ಸಾಮಾನ್ಯ ಫಲಕದಲ್ಲಿ 1982ರ ಸೆಪ್ಟೆಂಬರಿನಲ್ಲಿ, ಬೀಳುತ್ತಿರುವ ಲಿಫ್ಟಿನೊಳಗೆ ಪಾದರಸದ ಹನಿ ಇದ್ದರೆ ಏನಾದೀತು ಎಂಬ ಲಹರಿಯ ಚರ್ಚೆ ನಡೆದಿತ್ತು. ಯಾರೋ ತಮಾಷೆಗೆ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆಯೆಂದು ಎಚ್ಚರಿಕೆ ಬರೆದರು. ಅದನ್ನು ನಿಜವೆಂದು ನಂಬುವವರೂ ಇರಬಹುದೆಂಬ ಚಿಂತೆ ಹುಟ್ಟಿ, ತಮಾಷೆಗೆ ಒಂದು ಗುರುತು ಬೇಕೆಂಬ ಮಾತು ಬಂತು. ಸ್ಕಾಟ್ ಫಾಲ್‌ಮನ್ ಎಂಬ ಅಧ್ಯಾಪಕರು ಕೋಲನ್, ಅಡ್ಡಗೆರೆ, ಆವರಣಚಿಹ್ನೆ ಮೂರನ್ನೂ ಸಾಲಾಗಿ ಹಾಕಿ, ತಲೆ ವಾಲಿಸಿ ನೋಡಿ ಎಂದು ಸೂಚಿಸಿದರು. ಇಂದು ಕೋಟಿಗಟ್ಟಲೆ ಜನ ಕಳಿಸುವ ನಗುಮುಖದ ಒಂದು ಮುಖ್ಯ ಬೇರು ಅದು. ಮುಖ ಕಾಣದ ಕಡೆ ಮುಖಭಾವ ಬೇಕೆಂಬ ಅರಿವು ಮೂಡಿದ್ದು ಗಂಭೀರ ಸಂಶೋಧನೆಯ ಟಿಪ್ಪಣಿಯಲ್ಲಲ್ಲ, ಬಿಡುವಿನ ಲಹರಿಯಲ್ಲಿ.

ವಿಷಯಾಂತರ ಹೊಸ ವಿಷಯವನ್ನೇ ಹಡೆಯಬಹುದು ಎಂಬುದಕ್ಕೂ ಅಲ್ಲೇ ಉದಾಹರಣೆಯಿದೆ. ಆಂಡ್ರ್ಯೂ ಟನೆನ್‌ಬಾಮ್ ಎಂಬ ಪ್ರಾಧ್ಯಾಪಕರು ಪಾಠಕ್ಕೆಂದು ರಚಿಸಿದ ‘ಮಿನಿಕ್ಸ್’ ಎಂಬ ಕಾರ್ಯಾಚರಣ ವ್ಯವಸ್ಥೆಯ ಅಭಿಮಾನಿಗಳಿಗೆ ಯೂಸ್‌ನೆಟ್‌ನಲ್ಲಿ ಒಂದು ಗುಂಪಿತ್ತು. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅಲ್ಲಿ, ತಾನು ಹವ್ಯಾಸಕ್ಕಾಗಿ ಬೇರೊಂದು ವ್ಯವಸ್ಥೆಯನ್ನು ಬರೆಯುತ್ತಿದ್ದೇನೆ ಎಂದು ತಿಳಿಸಿದ. ಮುಂದೆ ಅದೇ ಲಿನಕ್ಸ್ ಆಯಿತು. ತಿಂಗಳುಗಳು ಉರುಳಿದಂತೆ ಮಿನಿಕ್ಸ್ ಗುಂಪಿನಲ್ಲಿ ಮಿನಿಕ್ಸ್ ಅಲ್ಲದ್ದರ ಮಾತೇ ಹೆಚ್ಚಾಯಿತು. 1992ರ ಜನವರಿಯಲ್ಲಿ ಟನೆನ್‌ಬಾಮ್ ಅವರೇ ಲಿನಕ್ಸ್‌ನ ವಿನ್ಯಾಸ ಹಳತಾದದ್ದೆಂದು ಬರೆದರು, ದೊಡ್ಡ ವಾದವಾಯಿತು. ಆ ಹೊತ್ತಿಗಾಗಲೇ ಲಿನಕ್ಸ್‌ನವರು ತಮ್ಮದೇ ಗುಂಪು ಕಟ್ಟಿಕೊಳ್ಳುತ್ತಿದ್ದರು. ಇಂದು ನಮ್ಮ ಆಂಡ್ರಾಯ್ಡ್ ಫೋನುಗಳ ಒಳಗೆ ಕೆಲಸ ಮಾಡುತ್ತಿರುವುದು ಅದೇ ಲಿನಕ್ಸ್‌ನ ತಿರುಳು. ಮೊದಲ ವಾರವೇ ಅಡ್ಮಿನ್ನರೊಬ್ಬರು ‘ಇದು ಮಿನಿಕ್ಸ್‌ಗೆ ಸಂಬಂಧಿಸಿದ್ದಲ್ಲ’ ಎಂದು ಬಾಗಿಲು ಮುಚ್ಚಿದ್ದರೆ ಲಿನಕ್ಸ್ ಹುಟ್ಟುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಕವಲು ಒಡೆಯುವುದಕ್ಕೆ ಬೇಕಾದ ಅವಧಿಯನ್ನು ಆ ಗುಂಪು ಕೊಟ್ಟಿತು, ಕವಲು ಬಲಿತ ಮೇಲೆ ಬೇರೆ ಮಡಿಗೆ ದಾಟಿಸಿತು ಎಂಬುದು ದಾಖಲೆಯಲ್ಲಿದೆ. ಸಸಿಯನ್ನು ಯಾವಾಗ ಕಿತ್ತು ನೆಡಬೇಕೆಂಬ ತಿಳಿವಳಿಕೆ ತೋಟಗಾರನಿಗೆ ಬೇಕಾದಂತೆ ಗುಂಪಿಗೂ ಬೇಕು.

ನನ್ನ ವಾದಕ್ಕೆ ಅತ್ಯಂತ ಪ್ರಿಯವಾದ ಸಾಕ್ಷ್ಯ ವಿಕಿಪೀಡಿಯದ್ದು. ವಿಶ್ವಕೋಶವೆಂದರೆ ವಿಷಯನಿಷ್ಠೆಯ ಪರಾಕಾಷ್ಠೆ. ಲೇಖನದ ಚರ್ಚಾಪುಟದಲ್ಲಿ ಲೇಖನದ ಬಗ್ಗೆ ಮಾತ್ರ ಮಾತಾಡಿ ಎಂಬುದು ಅಲ್ಲಿನ ಕಟ್ಟಳೆ. ಆದರೂ ಯಾವ ಲೇಖನಕ್ಕೂ ಸೇರದ ಮಾತಿಗೆಂದು ಹಲವು ಭಾಷೆಗಳವರು ಒಂದು ಸಾಮಾನ್ಯ ಜಾಗ ಮಾಡಿಕೊಂಡರು. ಅದಕ್ಕೆ ಅವರಿಟ್ಟ ಹೆಸರುಗಳನ್ನು ಕೇಳಿ. ಇಂಗ್ಲಿಷಿನವರಿಗೆ ಅದು ಊರ ನೀರಿನ ಪಂಪು. ಫ್ರೆಂಚರಿಗೆ ಬಿಸ್ಟ್ರೊ, ಸ್ಪ್ಯಾನಿಷಿನವರಿಗೆ ಕೆಫೆ. ಹಿಂದಿಯವರಿಗೆ ಚೌಪಾಲ್, ತೆಲುಗರಿಗೆ ರಚ್ಚಬಂಡ, ತಮಿಳರಿಗೆ ಆಲದ ಮರದಡಿ. ನಮ್ಮ ಕನ್ನಡ ವಿಕಿಪೀಡಿಯದಲ್ಲಿ ಅದರ ಹೆಸರು ಅರಳಿ ಕಟ್ಟೆ. ಇವರಲ್ಲಿ ಒಬ್ಬರೂ ಅದನ್ನು ಸಭಾಂಗಣವೆಂದೋ ಕಚೇರಿಯೆಂದೋ ಕರೆಯಲಿಲ್ಲ. ನೀರು ತರಲು ಹೋದಲ್ಲಿ, ಕಾಫಿ ಕುಡಿಯಲು ಕೂತಲ್ಲಿ, ಮರದ ನೆರಳಲ್ಲಿ ಮಾತು ತಾನಾಗಿ ಹುಟ್ಟುವ ಜಾಗಗಳನ್ನೇ ನೆನೆದರು. ಅಲ್ಲಿ ನಡೆಯುವ ಮಾತಿನ ಬಹುಪಾಲು ವಿಶ್ವಕೋಶದ ಕೆಲಸಕ್ಕೇ ಸಂಬಂಧಿಸಿದ್ದು ಎಂಬುದು ನಿಜ. ಕಟ್ಟೆಯ ಮೇಲೆ ಊರ ಕೆಲಸದ ಮಾತು ನಡೆಯುವುದು ಹೊಸತೇನಲ್ಲ. ಸಂಬಳವಿಲ್ಲದೆ ದುಡಿಯುವ ಜನರ ಕೂಟಕ್ಕೆ ಕಟ್ಟೆ ಬೇಕು ಎಂಬ ಅರಿವು ಇಷ್ಟು ಭಾಷೆಗಳಲ್ಲಿ ಮೂಡಿತಲ್ಲ, ಅದು ಮುಖ್ಯ.

ಹರಟೆ ವಿಷಯಕ್ಕೆ ಹೇಗೆ ನೆರವಾಗುತ್ತದೆ ಎಂಬುದನ್ನು ಈಗ ಬಿಡಿಸಿ ಹೇಳಬಹುದು. ಮೊದಲನೆಯದು ಧೈರ್ಯ. ಗೊತ್ತಿಲ್ಲದ್ದನ್ನು ಕೇಳುವುದಕ್ಕೆ ಎದೆಗಾರಿಕೆ ಬೇಕು. ಅಪರಿಚಿತ ಪಂಡಿತರ ನಡುವೆ ಬಾಯಿ ಬಿಡಲು ಅಳುಕುವ ಹೊಸಬರು, ತನ್ನಂತೆಯೇ ಹಾಲು ಉಕ್ಕಿಸುವ, ಬಸ್ಸು ತಪ್ಪಿಸಿಕೊಳ್ಳುವ ಜನ ಇವರು ಎಂದು ತಿಳಿದಾಗ ಕೇಳುತ್ತಾರೆ. ಎರಡನೆಯದು ತೂಕ. ಸಲಹೆ ಸರಿಯೋ ತಪ್ಪೋ ಎಂಬುದು ಸಲಹೆ ಕೊಟ್ಟವರ ನೆಲವನ್ನು ಅವಲಂಬಿಸಿದೆ. ‘ನಮ್ಮಲ್ಲಿ ಮೂರು ದಿನದಿಂದ ಬಿಡದ ಮಳೆ’ ಎಂದು ಮಂಗಳೂರಿನವರು ಬರೆದದ್ದು ವಿಷಯಾಂತರದಂತೆ ಕಾಣುತ್ತದೆ. ಆದರೆ ಜಂಬಿಟ್ಟಿಗೆ ನೆಲದ ಅವರ ಮಾತನ್ನು ವಿಜಯಪುರದ ಎರೆಮಣ್ಣಿನ ಕೈತೋಟಕ್ಕೆ ಹಾಗೆಯೇ ತರಬಾರದೆಂದು ತಿಳಿಯುವುದು ಅದೇ ಸಾಲಿನಿಂದ. ಮೂರನೆಯದು ಬಾಳಿಕೆ. ಪ್ರಶ್ನೆಗೆ ಉತ್ತರ ಸಿಕ್ಕಿದವರಿಗೆ ಗುಂಪಿನಲ್ಲಿ ಉಳಿಯಲು ಕಾರಣವಿಲ್ಲ. ಉಳಿದು, ಮುಂದೆ ಇನ್ನೊಬ್ಬರ ಪ್ರಶ್ನೆಗೆ ಉತ್ತರಿಸುವಂತೆ ಮಾಡುವುದು ನಂಟು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಪರಿಚಯದ ಮೂಲಕ ಕೆಲಸ ಸಿಕ್ಕಿದವರಲ್ಲಿ ಆ ಸುದ್ದಿ ಕೊಟ್ಟವರನ್ನು ಆಗಾಗ ಕಾಣುತ್ತಿದ್ದವರು ಶೇ. 17ರಷ್ಟು ಮಾತ್ರ ಎಂದು ತೋರಿಸಿದರು. ಉಳಿದವರಿಗೆ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆಯೋ ಅಪರೂಪಕ್ಕೋ ಕಾಣುವ ಪರಿಚಿತರಿಂದ. ಹವ್ಯಾಸದ ಗುಂಪು ಅಂಥ ತೆಳು ನಂಟುಗಳ ಕಣಜ. ಆದರೆ ತನಗೆ ಕೆಲಸ ಹೋಗಿದೆ ಎಂದು ಹೇಳಿಕೊಳ್ಳಲು ಅವಕಾಶವೇ ಇಲ್ಲದ ಗುಂಪಿನಲ್ಲಿ ಆ ನಂಟು ಯಾರಿಗೂ ದಕ್ಕುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳನ್ನು ಹಗುರವಾಗಿ ಕಾಣಬಾರದು. ಮೊದಲನೆಯದು ಗದ್ದಲದ್ದು. ವಾಟ್ಸಾಪ್ ಗುಂಪಿನಲ್ಲಿ 1,024 ಜನರವರೆಗೆ ಇರಬಹುದು. ಅಷ್ಟು ಜನರಲ್ಲಿ ಹತ್ತರಲ್ಲೊಬ್ಬರು ದಿನಕ್ಕೊಂದು ಸಂದೇಶ ಹಾಕಿದರೂ ನೂರು ಸಂದೇಶ. ಉತ್ತರ ಹೇಳಬಲ್ಲ ತಜ್ಞರಿಗೆ ಸಮಯ ಕಡಿಮೆ; ಮೊದಲು ಗುಂಪು ಬಿಡುವವರು ಅವರೇ. ವಿಷಯನಿಷ್ಠೆಯಿಂದಲೇ ಗೆದ್ದವರ ಉದಾಹರಣೆಯನ್ನೂ ಆಕ್ಷೇಪಕರು ಕೊಡುತ್ತಾರೆ. 2008ರಲ್ಲಿ ಆರಂಭವಾದ ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣದಲ್ಲಿ ಪ್ರಶ್ನೆಯ ಜೊತೆಗೆ ನಮಸ್ಕಾರ, ಧನ್ಯವಾದ ಬರೆಯುವುದನ್ನೂ ಅನಗತ್ಯವೆಂದು ಅಳಿಸುವ ರೂಢಿ ಬೆಳೆಯಿತು. ಆದರೂ ಅದು ಲೋಕದ ಪ್ರೋಗ್ರಾಮರುಗಳಿಗೆ ಆಶ್ರಯವಾಯಿತು. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ಉತ್ತರಗಳ ಉಗ್ರಾಣ. ಅಲ್ಲಿಗೆ ಹೋಗುವವರು ಸಾಮಾನು ತೆಗೆದುಕೊಂಡು ಬರುತ್ತಾರೆ. ಹವ್ಯಾಸದ ಗುಂಪನ್ನು ಜನ ಸೇರುವುದು ಒಡನಾಟಕ್ಕೆ. ಎರಡರ ಅಳತೆಗೋಲು ಒಂದೇ ಆಗಲಾರದು. ಅದೂ ಅಲ್ಲದೆ ಆ ಸಂಸ್ಥೆಯೇ 2010ರಲ್ಲಿ ಪಕ್ಕದಲ್ಲಿ ಮಾತಿನ ಕೋಣೆಗಳನ್ನು ತೆರೆಯಿತು. ಗದ್ದಲದ ಸಮಸ್ಯೆಗೆ ಪರಿಹಾರ ಬೇರೆ ಕೋಣೆ, ಬಾಯಿಗೆ ಬೀಗವಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ವಿಷಯಾಂತರದ ಬಾಗಿಲು ತೆರೆದರೆ ಒಳಗೆ ಬರುವುದು ಕುಶಲವಾರ್ತೆಯಲ್ಲ. ಸುಳ್ಳು ಸುದ್ದಿ, ರಾಜಕೀಯದ ಕೆಸರೆರಚಾಟ, ಜಾತಿ ಧರ್ಮದ ನಿಂದೆ ಎನ್ನುತ್ತಾರೆ. ಇದನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇಲ್ಲ. ಸುಳ್ಳು ವದಂತಿಗಳಿಂದ ಗುಂಪು ಹಲ್ಲೆಗಳು ನಡೆದ ಬಳಿಕ 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಒಂದು ಸಲಕ್ಕೆ ಐದು ಕಡೆಗೆ ಮಿತಿಗೊಳಿಸಬೇಕಾಯಿತು. ಇಲ್ಲಿಯೇ ನಮ್ಮ ಭಾಷೆಯ ವಿಂಗಡಣೆ ನೆರವಿಗೆ ಬರುತ್ತದೆ. ಕಷ್ಟಸುಖ ಬೇರೆ, ಮಾತಿನಿಂದ ಮಾತು ಹುಟ್ಟಿ ಬೆಳೆಯುವ ಪಟ್ಟಾಂಗ ಬೇರೆ, ಗಾಳಿಮಾತು ಬೇರೆ. ಮೊದಲ ಎರಡರಲ್ಲಿ ಆಡುವವರೊಬ್ಬರು ಇರುತ್ತಾರೆ. ತಮ್ಮ ಮಾತಿಗೆ ತಾವು ಹೊಣೆಯಾಗುತ್ತಾರೆ. ಎಲ್ಲಿಂದಲೋ ಬಂದು ಬೆರಳ ತುದಿಯಲ್ಲಿ ಮುಂದೆ ಹೋಗುವ ಫಾರ್ವರ್ಡಿನಲ್ಲಿ ಆಡಿದವರೇ ಇಲ್ಲ. ಅದನ್ನು ಸಂಭಾಷಣೆಯೆಂದು ಕರೆದು ಹರಟೆಯ ಮೇಲೆ ಅದರ ಪಾಪ ಹೊರಿಸುವುದು ನ್ಯಾಯವಲ್ಲ. ಅನಾಮಿಕ ಸರಕನ್ನು ಹೊರಗಿಟ್ಟು, ಸದಸ್ಯರ ಸ್ವಂತ ಮಾತಿಗೆ ಜಾಗ ಬಿಡುವ ನಿಯಮ ಕಷ್ಟದ್ದೇನಲ್ಲ. ರಾಜಕೀಯ, ಧರ್ಮದ ವಾದಗಳನ್ನು ಗಾಳಿಯಲೆಗೆ ತರಬಾರದೆಂಬ ರೂಢಿಯನ್ನು ಹ್ಯಾಮ್‌ಗಳು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿದ್ದಾರೆ. ಅಲ್ಲಿ ಹರಟೆ ಬತ್ತಲಿಲ್ಲ. ಬದುಕಿನಲ್ಲಿ ಮಾತಾಡುವುದಕ್ಕೆ ಬೇರೆ ಸಂಗತಿ ಬೇಕಾದಷ್ಟಿದೆ.

ಮೂರನೆಯದು ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಭಾರವಾದದ್ದು. ಹರಟೆ ಒಳಗಿನವರನ್ನು ಹತ್ತಿರ ತರುವಾಗಲೇ ಹೊರಗಿನವರನ್ನು ಇನ್ನಷ್ಟು ದೂರ ತಳ್ಳಬಹುದು. ಹಳಬರ ಒಳಹಾಸ್ಯ, ಒಂದೇ ವರ್ಗದವರ ಅಭಿರುಚಿ, ಗಂಡಸರೇ ತುಂಬಿದ ಗುಂಪಿನ ಸಡಿಲ ಮಾತು ಹೊಸಬರಿಗೆ, ಹೆಣ್ಣುಮಕ್ಕಳಿಗೆ ‘ಇದು ನಿಮ್ಮ ಜಾಗವಲ್ಲ’ ಎಂದು ಹೇಳಿಬಿಡುತ್ತದೆ. ನಮ್ಮ ಊರುಗಳ ಅರಳಿ ಕಟ್ಟೆಯ ಮೇಲೂ ಎಲ್ಲರಿಗೂ ಕೂರುವ ಹಕ್ಕು ಇರಲಿಲ್ಲ. ಆ ಚರಿತ್ರೆಯನ್ನು ಮರೆತು ಕಟ್ಟೆಯನ್ನು ಹೊಗಳುವುದು ಅಪ್ರಾಮಾಣಿಕತೆ. ವಿಷಯಕ್ಕೆ ಕಟ್ಟುಬಿದ್ದ ಗುಂಪಿನಲ್ಲಿ ಯಾರ ಜಾತಿ, ಯಾರ ಸಂಬಳ ಎಂಬುದು ಏಳುವುದೇ ಇಲ್ಲ, ಅದೇ ಸಮಾನತೆ ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ನಿಷೇಧದಿಂದ ಹರಟೆ ನಿಲ್ಲುವುದಿಲ್ಲ, ಜಾಗ ಬದಲಿಸುತ್ತದೆ. ನಾಲ್ಕು ಜನ ಹಳಬರು ಬೇರೊಂದು ಖಾಸಗಿ ಗುಂಪು ಮಾಡಿಕೊಳ್ಳುತ್ತಾರೆ. ಹೊಸಬರಿಗೆ ಅದರ ಇರವೇ ತಿಳಿಯುವುದಿಲ್ಲ. ಎಲ್ಲರ ಕಣ್ಣೆದುರಿನ ಕಟ್ಟೆಯನ್ನು ತಿದ್ದಬಹುದು, ಅಲ್ಲಿ ಯಾರಿಗೆ ಜಾಗವಿಲ್ಲ ಎಂದು ಪ್ರಶ್ನಿಸಬಹುದು. ಮುಚ್ಚಿದ ಕೋಣೆಯನ್ನು ಪ್ರಶ್ನಿಸಲೂ ಆಗದು. ಆದ್ದರಿಂದ ಸಮಾನತೆಯ ದೃಷ್ಟಿಯಿಂದಲೇ ಹರಟೆ ಬಯಲಿನಲ್ಲಿರಬೇಕು, ಹೊಸಬರನ್ನು ಹೆಸರು ಹಿಡಿದು ಮಾತಾಡಿಸುವ ಹೊಣೆ ಹಳಬರದ್ದಾಗಿರಬೇಕು.

ಆ ಹೊಣೆ ಹೇಗಿರಬೇಕೆಂಬುದಕ್ಕೆ ನಮ್ಮ ತಾಳಮದ್ದಳೆಯಲ್ಲಿ ಮಾದರಿಯಿದೆ. ಅರ್ಥಧಾರಿಗೆ ಬರೆದುಕೊಟ್ಟ ಮಾತಿಲ್ಲ. ಪದ್ಯದ ಎಳೆ ಹಿಡಿದು ಆತ ಧರ್ಮಕ್ಕೆ, ಲೋಕನೀತಿಗೆ, ಎದುರಿನವರ ಮಾತಿನ ಒಂದು ಪದಕ್ಕೆ ಎಷ್ಟು ದೂರ ಬೇಕಾದರೂ ಹೋಗಬಹುದು. ಕೇಳುವವರು ಆ ದೂರದ ಸಂಚಾರಕ್ಕೇ ಕಾದಿರುತ್ತಾರೆ. ಆದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಂಡರೆ ಪ್ರಸಂಗಕ್ಕೆ ಮರಳಬೇಕು. ಭಾಗವತರು ಯಾರ ಬಾಯಿಯನ್ನೂ ಮುಚ್ಚಿಸುವುದಿಲ್ಲ, ಹೊತ್ತನ್ನು ಕಾಯುತ್ತಾರೆ. ಹ್ಯಾಮ್‌ಗಳ ಕೂಟದಲ್ಲಿ ಸರದಿ ನೋಡಿಕೊಳ್ಳುವ ನಿಯಂತ್ರಕರದ್ದೂ ಅದೇ ಕೆಲಸ. ಇಂದಿನ ಅಡ್ಮಿನ್ನುಗಳು ತಮ್ಮನ್ನು ಕಾವಲುಗಾರರೆಂದು ಭಾವಿಸದೆ ಭಾಗವತರೆಂದು ಭಾವಿಸಿದರೆ ಅರ್ಧ ಜಗಳ ಇಲ್ಲವಾದೀತು. ಮುಖ್ಯ ಗುಂಪು ವಿಷಯಕ್ಕೆ. ಪಕ್ಕದಲ್ಲೊಂದು ಕಟ್ಟೆ, ಬಯಸಿದವರಿಗೆ. ಅದು ಆಗದಿದ್ದರೆ ವಾರಕ್ಕೊಂದು ಸಂಜೆ ಕಷ್ಟಸುಖಕ್ಕೆ. ಫಾರ್ವರ್ಡಿಗೆ ಎಲ್ಲಿಯೂ ಜಾಗವಿಲ್ಲ. ಕಾಯಿಲೆ, ಸಾವು, ಸಂಕಟದ ಸುದ್ದಿಗೆ ಮಾತ್ರ ಯಾವ ಗುಂಪಿನಲ್ಲೂ ಯಾವ ಹೊತ್ತಿನಲ್ಲೂ ತಡೆಯಿರಬಾರದು.

ಮುಗಿಸುವ ಮುನ್ನ ಮತ್ತೊಮ್ಮೆ ಎಫ್‌ಟಿ8ಗೆ ಬರುತ್ತೇನೆ, ಏಕೆಂದರೆ ಅಲ್ಲಿನ ಒಂದು ವಿವರವನ್ನು ಬೇಕೆಂದೇ ಉಳಿಸಿಕೊಂಡಿದ್ದೆ. ಹತ್ತೊಂಬತ್ತನೇ ಶತಮಾನದ ತಂತಿ ಕಚೇರಿಗಳ ಕಾಲದಿಂದ ಬಂದ ‘73’ ಎಂಬ ಅಂಕಿ ಹ್ಯಾಮ್‌ಗಳ ನಡುವೆ ಶುಭವಾಗಲಿ ಎಂಬ ಹಾರೈಕೆಯ ಸಂಕೇತ. ಎಫ್‌ಟಿ8ನಲ್ಲಿ ಎರಡೂ ಕಡೆಯ ವರದಿ ತಲುಪಿದೆಯೆಂದು ಖಚಿತವಾದೊಡನೆ ಸಂಪರ್ಕ ಪೂರ್ಣವಾದಂತೆ. ಮುಂದೆ ಏನನ್ನೂ ಕಳಿಸಬೇಕಾದ ಅಗತ್ಯವಿಲ್ಲ. ಆದರೂ ಆ ವಿಧಾನದ ಸಿದ್ಧ ಸಂದೇಶಗಳ ಸಾಲಿನಲ್ಲಿ ಕೊನೆಯದು 73. ಪ್ರತಿ ಅಕ್ಷರವನ್ನೂ ತೂಗಿ ಅಳೆದು, ಮಾತನ್ನೆಲ್ಲ ಸೋಸಿ ತೆಗೆದು ಕಟ್ಟಿದ ವ್ಯವಸ್ಥೆಯಲ್ಲೂ ಹವ್ಯಾಸಿಗಳು ಹದಿನೈದು ಸೆಕೆಂಡಿನ ಒಂದು ಸರದಿಯನ್ನು ಹಾರೈಕೆಗೆ ಇಟ್ಟುಕೊಂಡರು. ಹಳೆಯ ಪತ್ರದಲ್ಲಿ ಕುಶಲ ಮೊದಲು ಬಂದು ವಿಷಯ ಆಮೇಲೆ ಬರುತ್ತಿತ್ತು. ಇಲ್ಲಿ ವಿಷಯವೆಲ್ಲ ಮುಗಿದ ಮೇಲೆ ಕುಶಲ ಬಂದಿದೆ. ಕ್ರಮ ತಿರುವುಮುರುವಾಗಿದೆ, ಕುಶಲ ಬಿಟ್ಟುಹೋಗಿಲ್ಲ. ನಾಳೆ ನಿಮ್ಮ ಗುಂಪಿನಲ್ಲಿ ಯಾರಾದರೂ ವಿಷಯ ಬಿಟ್ಟು ಒಂದು ಮಾತು ಆಡಿದರೆ, ಅಳಿಸುವ ಮೊದಲು ಆ ಸರದಿಯನ್ನು ನೆನೆಯಿರಿ.